ಊಟ ಆಯ್ತಾ ಬಾವ

ಇಂಗ್ಲೆಂಡಿನ ವೀಸಾ ಫಾರಂನಲ್ಲಿ ಆ ಪ್ರಶ್ನೆ ಬಂದಾಗ ರಾತ್ರಿ ಹತ್ತೂವರೆ. ನಿಮ್ಮ ಸಂಗಾತಿಯನ್ನು ಮೊದಲ ಸಲ ಮುಖಾಮುಖಿ ಕಂಡದ್ದು ಯಾವಾಗ? ಕೆಳಗೆ ತಾರೀಕು ತುಂಬಲು ಖಾಲಿ ಚೌಕಗಳು. ಮಂಡ್ಯದ ಬಾಡಿಗೆ ರೂಮಿನಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದವಳು ಅತ್ತೆಗೆ ಫೋನ್ ಮಾಡಿದೆ.

“ಅತ್ತೆ, ಬಾವ ನನ್ನ ಮೊದಲು ನೋಡಿದ್ದು ಯಾವತ್ತು?”

“ಇದೇನ್ ಕೂಸೆ ಸರೊತ್ನಲ್ಲಿ! ನಿನ್ನ ತೊಟ್ಲಿಗಾಕಿದ್ ದಿನ ಅವನೇ ಅಲ್ವಾ ತೂಗಿದ್ದು. ಆರು ವರ್ಸದ ಐದ, ಅವನು ತೂಗಿದ್ ಏಟ್ಗೆ ನೀನು ಬಿದ್ದೇ ಓಗ್ತಿದ್ದೆ.”

“ತಾರೀಕು ಗೊತ್ತಾ?”

“ಸ್ರಾವಣ. ಮಳೆ ಉಯ್ತಿತ್ತು.”

ಇದನ್ನ ಇಂಗ್ಲೆಂಡಿನ ಅಧಿಕಾರಿಗೆ ಹೇಗೆ ಬರೆಯೋದು? ಅಲ್ಲಿಯ ನಿಯಮದ ಪ್ರಕಾರ ಗಂಡ ಹೆಂಡತಿ ಒಬ್ಬರನ್ನೊಬ್ಬರು ಖುದ್ದಾಗಿ ಕಂಡಿರಬೇಕು, ಸಂಬಂಧ ನಿಜವಾದದ್ದಾಗಿರಬೇಕು, ಈಗಲೂ ನಡೆಯುತ್ತಿರಬೇಕು, ಮುಂದೆಯೂ ಒಟ್ಟಿಗೆ ಬಾಳುವ ಉದ್ದೇಶ ಇರಬೇಕು. ಇದನ್ನೆಲ್ಲ ಕಾಗದದಲ್ಲಿ ತೋರಿಸೋ ಹೊಣೆ ನಮ್ಮದು.

ನನ್ನ ಗಂಡ ನನ್ನ ಸೋದರತ್ತೆ ಮಗ. ನಮ್ಮದು ಪಾಂಡವಪುರ ತಾಲ್ಲೂಕು, ನಾಲೆ ಬಯಲು, ಕಬ್ಬು ಭತ್ತದ ಊರು. ಅಪ್ಪನ ಅಕ್ಕನನ್ನ ಕೊಟ್ಟದ್ದು ನಾಗಮಂಗಲದ ಕಡೆಗೆ, ರಾಗಿ ತೆಂಗಿನ ಊರಿಗೆ. ಬಾವ ಲೆಸ್ಟರ್‌ನಲ್ಲಿ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾರೆ, ಅಲ್ಲೇ ಕಾಯಂ ನೆಲೆಸೋ ಹಕ್ಕು ಸಿಕ್ಕಿದೆ. 2023ರ ನವೆಂಬರ್‌ನಲ್ಲಿ ನಮಗೆ ಧಾರೆ ಎರೆದರು. ಮೂರು ವಾರದ ರಜೆ. ಅದರಲ್ಲಿ ಚಪ್ಪರ, ಧಾರೆ, ಬೀಗರ ಊಟ, ಮನೆದೇವರು, ನೆಂಟರ ಮನೆಗಳ ಔತಣ ಎಲ್ಲ ಮುಗಿಸಿ ಬಾವ ವಿಮಾನ ಹತ್ತಿದರು. ಮದುವೆ ನೋಂದಣಿ ಮಾತ್ರ ಯಾರಿಗೂ ನೆನಪಾಗಲಿಲ್ಲ. ನೆನಪಾಗಲಿಲ್ಲ ಅನ್ನೋದೂ ಸುಳ್ಳು. ನಾನು ಒಂದು ಸಲ ಎತ್ತಿದ್ದೆ. “ಎರಡೂರು ಜನ ಕಣ್ಣಾರೆ ನೋಡಿಲ್ವಾ, ಇನ್ನೇನ್ ನೋಂದಣಿ ಬುಡವ್ವ” ಅಂದರು ಅಪ್ಪ. ನಾನೂ ಬಿಟ್ಟೆ.

ಆ ಬಿಟ್ಟದ್ದರ ಬೆಲೆ ಆಮೇಲೆ ಗೊತ್ತಾಯಿತು. ಬಾವ ವಾಪಸ್ ಹೋದ ಡಿಸೆಂಬರ್‌ನಲ್ಲೇ ಅಲ್ಲಿನ ಸರ್ಕಾರ ಸಂಗಾತಿಯನ್ನ ಕರೆಸಿಕೊಳ್ಳುವವರ ಕನಿಷ್ಠ ಆದಾಯ ಏರಿಸುತ್ತೇವೆ ಅಂತ ಪ್ರಕಟಿಸಿತು. ಅಲ್ಲಿಯವರೆಗೆ ವರ್ಷಕ್ಕೆ 18,600 ಪೌಂಡ್ ಇದ್ದರೆ ಸಾಕಿತ್ತು. ಮೊದಲು 38,700 ಅಂದರು, ಗಲಾಟೆ ಆದ ಮೇಲೆ ಸದ್ಯಕ್ಕೆ 29,000 ಅಂದರು. 2024ರ ಏಪ್ರಿಲ್ 11ರಿಂದ ಜಾರಿ. ಬಾವನ ಸಂಬಳ 28,200. ಏಪ್ರಿಲ್ 10ರ ಒಳಗೆ ಅರ್ಜಿ ಹಾಕಿದ್ದರೆ ಧಾರಾಳವಾಗಿ ಸಾಲುತ್ತಿತ್ತು. ಆದರೆ ಕೈಯಲ್ಲಿ ಮದುವೆ ಸರ್ಟಿಫಿಕೇಟ್ ಇಲ್ಲ. ನೋಂದಣಿಗೆ ಇಬ್ಬರೂ ಮೂರು ಜನ ಸಾಕ್ಷಿಗಳೂ ಬಂದು ಸಹಿ ಹಾಕಬೇಕಿತ್ತು. ಬಾವನಿಗೆ ರಜೆ ಸಿಕ್ಕಿದ್ದು ಮೇ ತಿಂಗಳಿಗೆ.

ಮೇನಲ್ಲಿ ಬಂದರು, ಹದಿನಾರು ದಿನ ಇದ್ದರು. ಲಗ್ನಪತ್ರಿಕೆ, ಧಾರೆ ಫೋಟೋ, ಆಧಾರ್ ಹಿಡಿದು ಹೋಗಿ ನೋಂದಣಿ ಮಾಡಿಸಿದೆವು. ಅದೇ ಹೊತ್ತಿಗೆ ಸುಪ್ರೀಂ ಕೋರ್ಟ್ ಒಂದು ತೀರ್ಪಿನಲ್ಲಿ, ಶಾಸ್ತ್ರೋಕ್ತವಾಗಿ ನಡೆಯದ ಹಿಂದೂ ಮದುವೆ ಬರೀ ಸರ್ಟಿಫಿಕೇಟ್‌ನಿಂದ ಮದುವೆ ಆಗಲ್ಲ ಅಂತ ಹೇಳಿತ್ತು. ಸಾಕ್ಷಿಗೆ ಬಂದಿದ್ದ ನಮ್ಮ ವಕೀಲ ಚಿಕ್ಕಪ್ಪ ಅದನ್ನ ಓದಿಕೊಂಡು ಬಂದಿದ್ದರು. “ಅಪ್ಪ ಹೇಳಿದ್ದೇ ಸರಿ ಆಯ್ತಲ್ಲಮ್ಮ” ಅಂತ ನಕ್ಕರು. ಅಪ್ಪ ಅದನ್ನ ಇವತ್ತಿಗೂ ಬಿಟ್ಟಿಲ್ಲ.

ಬಾವನಿಗೆ ಜುಲೈನಲ್ಲಿ ಸಂಬಳ 30,000 ಆಯಿತು. ಆದರೆ ಏರಿದ ಮರುದಿನ ಅರ್ಜಿ ಹಾಕಿದರೆ ಆಗಲ್ಲ. ಒಂದೇ ಕಡೆ ಕೆಲಸದಲ್ಲಿರೋರು ಕಳೆದ ಆರು ತಿಂಗಳ ಸಂಬಳದ ಚೀಟಿ ತೋರಿಸಬೇಕು, ಅದರಲ್ಲಿ ಯಾವ ತಿಂಗಳು ಕಡಿಮೆಯೋ ಅದನ್ನೇ ಲೆಕ್ಕಕ್ಕೆ ಹಿಡೀತಾರೆ. ಆ ಚೀಟಿಗಳಿಗೂ ಬ್ಯಾಂಕ್ ಸ್ಟೇಟ್‌ಮೆಂಟಿಗೂ ತಾಳೆ ಆಗಬೇಕು. ಹಾಗಾಗಿ ಡಿಸೆಂಬರ್‌ವರೆಗೆ ಕಾಯೋದು. ಆ ಆರು ತಿಂಗಳು ನಾನು ಮಾಡಿದ ಕೆಲಸ, ನಮ್ಮ ಮದುವೆಗೆ ಸಾಕ್ಷಿ ಹುಡುಕೋದು.

ಮೊದಲು ಮೈಸೂರಿನ ಒಬ್ಬ ಕನ್ಸಲ್ಟೆಂಟ್ ಹತ್ತಿರ ಹೋದೆ. ಆತ ಮದುವೆ ಆಲ್ಬಂ ತಿರುವಿ ಹಾಕಿ, “ಮೇಡಂ, ಒಂದರಲ್ಲೂ ನೀವಿಬ್ಬರೂ ನಗ್ತಿಲ್ವಲ್ಲ” ಅಂದ. ನಿಜ. ಬೆಳಗಿನ ಜಾವ ಮೂರಕ್ಕೆ ಎಬ್ಬಿಸಿ ನೀರು ಹಾಕಿ, ಭಾರದ ಸೀರೆ ಉಡಿಸಿ, ಬಾಸಿಂಗ ಕಟ್ಟಿ ಹೊಗೆ ಮುಂದೆ ಕೂರಿಸಿದರೆ ಯಾರು ನಗ್ತಾರೆ? ನಮ್ಮ ಕಡೆ ಧಾರೆ ಹೊತ್ತಿನಲ್ಲಿ ಹಲ್ಲು ಕಿರಿಯೋ ಹೆಣ್ಣನ್ನ ಅಜ್ಜಿಯಂದಿರು ಸುಮ್ಮನೆ ಬಿಡ್ತಾರಾ? ಆತನ ಉಪಾಯ ಏನಪ್ಪಾ ಅಂದರೆ, ಬಾವ ಬಂದಾಗ ನಾಲ್ಕು ಜೊತೆ ಬಟ್ಟೆ ಎತ್ತಿಕೊಂಡು ಒಂದೇ ದಿನದಲ್ಲಿ ಚಾಮುಂಡಿ ಬೆಟ್ಟ, ಬೃಂದಾವನ, ಶ್ರೀರಂಗಪಟ್ಟಣ ಸುತ್ತಿ ಫೋಟೋ ತೆಗೆಸೋದು; ನಾಲ್ಕು ಬೇರೆ ಬೇರೆ ತಿಂಗಳ ಹಾಗೆ ಕಾಣುತ್ತೆ. “ಸ್ವಲ್ಪ ಹತ್ತಿರ ನಿಂತ್ಕೊಳ್ಳಿ” ಅಂತಲೂ ಅಂದ. ಮೋಸದ ದಾಖಲೆ ಕೊಟ್ಟು ಸಿಕ್ಕಿಬಿದ್ದರೆ ಹತ್ತು ವರ್ಷದವರೆಗೂ ಆ ದೇಶದ ಬಾಗಿಲು ಮುಚ್ಚುತ್ತೆ ಅನ್ನೋದು ಆತನಿಗೆ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಹೇಳಲಿಲ್ಲವೋ. ಏಳುವಾಗ ಇನ್ನೊಂದು ಬಾಂಬ್ ಹಾಕಿದ: “ಅತ್ತೆ ಮಗ ಅಂದ್ರಲ್ಲ, ಹಿಂದೂ ವಿವಾಹ ಕಾಯ್ದೆಯಲ್ಲಿ ಅದು ನಿಷಿದ್ಧ, ಗೊತ್ತಾ?”

ಬಸ್ಸಿನಲ್ಲಿ ಮಂಡ್ಯ ಸೇರೋವರೆಗೂ ಹೊಟ್ಟೆಯಲ್ಲಿ ತಳಮಳ. ವಕೀಲ ಚಿಕ್ಕಪ್ಪ ಪುಸ್ತಕ ತೆಗೆದು ತೋರಿಸಿದರು. 1955ರ ಕಾಯ್ದೆಯ ನಿಷಿದ್ಧ ಸಂಬಂಧಗಳ ಪಟ್ಟಿಯಲ್ಲಿ ಅಣ್ಣ ತಂಗಿಯರ ಮಕ್ಕಳು ಇರೋದು ಹೌದು. ಆದರೆ ಅದರ ಬೆನ್ನಿಗೇ, ಎರಡೂ ಕಡೆಯವರ ರೂಢಿ ಒಪ್ಪುವುದಾದರೆ ಅಡ್ಡಿಯಿಲ್ಲ ಅಂತಲೂ ಇದೆ. “ಈ ಸೀಮೇಲಿ ಅತ್ತೆ ಮಗನ್ನ, ಮಾವನ ಮಗಳನ್ನ ಬಿಟ್ಟು ಬೇರೆಯವರನ್ನ ತಂದರೆ ಆವಾಗ ಜನ ಯಾಕೆ ಅಂತ ಕೇಳ್ತಿದ್ರು” ಅಂದರು ಚಿಕ್ಕಪ್ಪ. ಇಂಗ್ಲೆಂಡಿನಲ್ಲೂ ಕಾನೂನು ಇದನ್ನ ತಡೆಯಲ್ಲ. ಆದರೆ ನಾನು ಅರ್ಜಿ ತುಂಬೋ ಹೊತ್ತಿಗೆ ಸರಿಯಾಗಿ, 2024ರ ಡಿಸೆಂಬರ್‌ನಲ್ಲಿ, ರಿಚರ್ಡ್ ಹೋಲ್ಡನ್ ಅನ್ನೋ ಸಂಸದ ಅಲ್ಲಿನ ಪಾರ್ಲಿಮೆಂಟಿನಲ್ಲಿ ಇಂಥ ಮದುವೆ ನಿಷೇಧಿಸಬೇಕು ಅಂತ ಖಾಸಗಿ ಮಸೂದೆ ಮಂಡಿಸಿದರು. ಅದು ಕಾನೂನಾಗಿರಲಿಲ್ಲ, ನಮ್ಮ ಅರ್ಜಿಗೂ ಸಂಬಂಧವಿರಲಿಲ್ಲ. ಆದರೂ ‘ಮದುವೆಗೆ ಮುಂಚೆಯೇ ನೀವು ಸಂಬಂಧಿಕರೇ’ ಅನ್ನೋದಕ್ಕೆ ಹೌದು ಅಂತ ಒತ್ತುವಾಗ ಬೆರಳು ಒಂದು ಗಳಿಗೆ ನಿಂತಿತು.

ಕನ್ಸಲ್ಟೆಂಟ್‌ಗೆ ಬಾಯ್ ಹೇಳಿ ನಾನೇ ಮಾಡ್ತೀನಿ ಅಂತ ಕೂತೆ.

ಸಾಕ್ಷಿ ಅಂದರೆ ಮೊದಲು ಎಲ್ಲರೂ ಹೇಳೋದು ವಾಟ್ಸಾಪ್. ಹದಿಮೂರು ತಿಂಗಳ ಮೆಸೇಜ್ ತೆಗೆದು ನೋಡಿದರೆ ನನಗೇ ನಾಚಿಕೆ ಆಯಿತು. ದಿನಾ ರಾತ್ರಿ ನಾನು: ಊಟ ಆಯ್ತಾ ಬಾವ. ಬಾವ: ಆಯ್ತು, ನಿಂದು? ನಾನು: ಹೂಂ. ಆಮೇಲೆ ಕಾಲ್. ಮಾತೆಲ್ಲ ಕಾಲ್‌ನಲ್ಲೇ ಹೋಗಿಬಿಟ್ಟಿದೆ, ಕಾಲ್‌ನಲ್ಲಿ ಉಳಿಯೋದು ಎಷ್ಟು ನಿಮಿಷ ಅನ್ನೋ ಲೆಕ್ಕ ಮಾತ್ರ. ಪ್ರೀತಿ, ಮುದ್ದು, ಚಿನ್ನ, ಬಂಗಾರ ಯಾವುದೂ ಇಲ್ಲ. ಒಂದು ಕಡೆ ಬಾವ ‘ಚಳಿ ಜಾಸ್ತಿ, ಅವ್ವ ಹೆಣೆದ ಟೋಪಿ ಹಾಕಂಡೆ’ ಅಂತ ಬರೆದು ಫೋಟೋ ಕಳಿಸಿದ್ದರು. ಅದೇ ಇದ್ದದ್ದರಲ್ಲಿ ರಸಿಕತನ.

ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದರೂ ಕನ್ನಡ ಕನ್ನಡವೇ. ಇಂಗ್ಲಿಷ್ ಅಥವಾ ವೆಲ್ಷ್ ಅಲ್ಲದ ಯಾವ ಕಾಗದಕ್ಕೂ ಅನುವಾದ ಬೇಕು, ಅನುವಾದಕರು ಇದು ಮೂಲಕ್ಕೆ ಸರಿಯಾಗಿದೆ ಅಂತ ಬರೆದು ಹೆಸರು, ವಿಳಾಸ, ತಾರೀಕು, ಸಹಿ ಹಾಕಬೇಕು. ಮೈಸೂರು ಸರಸ್ವತಿಪುರಂನಲ್ಲಿ ನಿವೃತ್ತ ಇಂಗ್ಲಿಷ್ ಮೇಷ್ಟ್ರು ಒಬ್ಬರು ಸಿಕ್ಕಿದರು. ಲಗ್ನಪತ್ರಿಕೆ, ಮೆಸೇಜು ಎಲ್ಲ ಕೊಟ್ಟು ಬಂದೆ. ವಾರ ಬಿಟ್ಟು ಹೋಗಿ ಮೊದಲ ಹಾಳೆ ಓದಿದವಳು ಅಲ್ಲೇ ಕುರ್ಚಿ ಹಿಡಿದುಕೊಂಡೆ. ಪುಟದ ತುಂಬ, ಮೇಲಿಂದ ಕೆಳಗೆ, ಒಂದೇ ಸಾಲು: ಹ್ಯಾವ್ ಯೂ ಈಟನ್, ಬ್ರದರ್ ಇನ್ ಲಾ?

“ಸರ್, ಗಂಡನ್ನ ಬ್ರದರ್ ಇನ್ ಲಾ ಅಂತ ಕರೀತಿದ್ದಾಳೆ ಅಂದ್ರೆ ಅವರು ಏನಂದ್ಕೋತಾರೆ?”

ಮೇಷ್ಟ್ರು ಕನ್ನಡಕ ಏರಿಸಿ, “ನಿಘಂಟಿನಲ್ಲಿ ಬಾವ ಅಂದರೆ ಅದೇ ಅಲ್ವೇನಮ್ಮಾ” ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು ಅವರೇ ನಗೋಕೆ ಶುರು ಮಾಡಿದರು. ಆಮೇಲೆ ಅವರಿಗೆ ಹುಮ್ಮಸ್ಸು ಬಂದುಬಿಟ್ಟಿತು. ಕಾಫಿ ತರಿಸಿದರು. ಅಪ್ಪನ ಅಕ್ಕನೂ ಅತ್ತೆ, ಗಂಡನ ತಾಯಿಯೂ ಅತ್ತೆ. ಅವ್ವನ ಅಣ್ಣನೂ ಮಾವ, ಗಂಡನ ತಂದೆಯೂ ಮಾವ. ಈ ಮದುವೆ ಆಗಿಯೇ ತೀರುತ್ತೆ ಅಂತ ಮಾತು ಮೊದಲೇ ಗೊತ್ತುಮಾಡಿಕೊಂಡಿದೆ, ಇಂಗ್ಲಿಷಿನವರು ಇದಕ್ಕೆ ಎರಡೆರಡು ಪದ ಇಟ್ಟುಕೊಂಡು ಕಷ್ಟಪಡ್ತಾರೆ ಅಂತ ಪಾಠವನ್ನೇ ಮಾಡಿದರು. ನನಗೂ ಆವತ್ತೇ ಹೊಳೆದದ್ದು. ಹುಟ್ಟಿದಾಗಿನಿಂದ ಅತ್ತೆಯನ್ನ ಅತ್ತೆ ಅಂತಲೇ ಕರೆದಿದ್ದೇನೆ. ಮದುವೆ ಆದ ಮೇಲೆ ಬದಲಾಯಿಸಬೇಕಾದ ಒಂದು ಪದವೂ ಇರಲಿಲ್ಲ. ಕಡೆಗೆ ‘ಬಾವ’ ಅನ್ನೋದನ್ನ ಹಾಗೇ ಉಳಿಸಿ, ಕೆಳಗೆ ನಾಲ್ಕು ಸಾಲಿನ ಟಿಪ್ಪಣಿ ಹಾಕಿದರು. ಅದಕ್ಕೆ ಬೇರೆ ದುಡ್ಡು ತಗೊಳ್ಳಲಿಲ್ಲ.

ಮೆಸೇಜುಗಳ ನಡುವೆ ಒಂದು ತೂತೂ ಇತ್ತು. 2024ರ ಮಾರ್ಚ್‌ನಲ್ಲಿ ಹನ್ನೊಂದು ದಿನ ಏನೂ ಇಲ್ಲ. ಊಟದ ವಿಚಾರಣೆಯೂ ಇಲ್ಲ. ಆ ವರ್ಷ ಬರ. ಅತ್ತೆ ಊರಲ್ಲಿ ತೆಂಗಿನ ಮರ ಸುಳಿ ಬಾಡಿ ನಿಂತಿದ್ದವು. ವೀಸಾಗೆ ಅಂತ ಎತ್ತಿಟ್ಟಿದ್ದ ಒಂದೂವರೆ ಲಕ್ಷವನ್ನ ಬಾವ ನನಗೆ ಒಂದು ಮಾತೂ ಹೇಳದೆ ಬೋರ್‌ವೆಲ್‌ಗೆ ಕಳಿಸಿದರು. ಎಂಟುನೂರು ಅಡಿ ಇಳಿಸಿದರೂ ಬರೀ ಧೂಳು. ಸಿಟ್ಟು ದುಡ್ಡಿಗಿಂತ, ಹೇಳಲಿಲ್ಲವಲ್ಲ ಅಂತ. ಹನ್ನೊಂದನೇ ದಿನ ಅತ್ತೆಯೇ ಇಬ್ಬರನ್ನೂ ಕಾನ್ಫರೆನ್ಸ್ ಕಾಲ್‌ಗೆ ಹಾಕಿ ಬೈದರು.

ನಾನು ಆ ತಿಂಗಳ ಪುಟ ಬಿಟ್ಟುಬಿಡೋಣ ಅಂದೆ. ಬಾವ ಒಪ್ಪಲಿಲ್ಲ. “ಸುಳ್ಳು ಮದುವೆ ಆದೋರು ಬೋರ್‌ವೆಲ್‌ಗೆ ಜಗಳ ಆಡ್ತಾರಾ? ಹಾಕು.” ಹಾಕಿದೆವು. ಜಗಳ ಶುರುವಾದ ಮೆಸೇಜು, ಮುಗಿದ ಮೆಸೇಜು, ನಡುವೆ ಏನಾಯಿತು ಅಂತ ನನ್ನ ವಿವರಣೆ ಐದು ಸಾಲು. ಒಟ್ಟು ಫೈಲಿನಲ್ಲಿ ನನಗೆ ನಂಬಿಕೆ ಇದ್ದದ್ದು ಈ ಪುಟದ ಮೇಲೆ, ಇನ್ನೊಂದು ಮುಯ್ಯಿ ಪುಸ್ತಕದ ಮೇಲೆ.

ದುಡ್ಡಿನ ವಿಷಯವೂ ಬಾವನ ಬ್ಯಾಂಕಿನ ಹಾಳೆಯಲ್ಲಿ ಎಡವಟ್ಟಾಗಿ ಕಾಣುತ್ತಿತ್ತು. ಗಂಡ ಹೆಂಡತಿಗೆ ಕಳಿಸಿದ್ದು ಕಾಣಬೇಕು. ನಮ್ಮಲ್ಲಿ ಹೊರಗೆ ದುಡಿಯೋ ಮಗ ಕಳಿಸೋದು ಅವ್ವನಿಗೆ. ಎಲ್ಲ ಅತ್ತೆ ಖಾತೆಗೆ ಹೋಗಿದೆ. ಅತ್ತೆ ಅದರಲ್ಲಿ ನನಗೆ ಗೌರಿ ಹಬ್ಬಕ್ಕೆ ಸೀರೆ ಕೊಡಿಸಿದ್ದು ಯಾವ ಸ್ಟೇಟ್‌ಮೆಂಟಿನಲ್ಲಿ ಬರುತ್ತೆ? ಇದ್ದದ್ದನ್ನ ಇದ್ದ ಹಾಗೇ ಬರೆದೆ.

ಈಗ ಮುಯ್ಯಿ ಪುಸ್ತಕ. ಲಗ್ನಪತ್ರಿಕೆಯಲ್ಲಿ ‘ಆಶೀರ್ವಾದವೇ ಉಡುಗೊರೆ’ ಅಂತ ಅಚ್ಚು ಹಾಕಿಸಿದ್ದರೂ ಮುಯ್ಯಿ ನಿಲ್ಲಲ್ಲ. ಛತ್ರದಲ್ಲಿ ಊಟದ ಹಾಲ್‌ಗೆ ಹೋಗೋ ದಾರಿಯಲ್ಲಿ ಮೇಜು, ದುಡ್ಡು ಎಣಿಸೋಕೆ ಒಬ್ಬರು, ಬರೆಯೋಕೆ ಅಕ್ಷರ ಚೆನ್ನಾಗಿರೋ ಒಬ್ಬರು. ನಮ್ಮದು ಉದ್ದನೆ ಲೆಕ್ಕದ ಪುಸ್ತಕ, ಮೊದಲ ಪುಟಕ್ಕೆ ಅರಿಶಿನ ಕುಂಕುಮ, ಮೂಲೆಯಲ್ಲಿ ಸಾಂಬಾರಿನ ಕಲೆ. ಊರು, ಹೆಸರು, ಮೊತ್ತ. ಡೇರಿ ಸೆಕ್ರೆಟರಿ 501. ಆಲೆಮನೆಯವರು 1,001. ಮೋಟರ್ ರಿಪೇರಿಯವನು 201, ಪಕ್ಕದಲ್ಲಿ ‘ಹಿಂದಿನ ಬಾಕಿ ಬಿಟ್ಟು’ ಅಂತ. ಒಬ್ಬರು ಹಿತ್ತಾಳೆ ಕೊಳಗ, ಇನ್ನೊಬ್ಬರು ಎರಡು ಸ್ಟೀಲ್ ಬಿಂದಿಗೆ. ನಮ್ಮಿಬ್ಬರಿಗೂ ಅಜ್ಜಿ ಒಬ್ಬಳೇ: ನನಗೆ ಅಪ್ಪನ ಅವ್ವ, ಬಾವನಿಗೆ ಅವ್ವನ ಅವ್ವ. ಯಾರ ಕಡೆ ಬರೆಸಬೇಕು ಅಂತ ತಿಳಿಯದೆ ಹೆಣ್ಣಿನ ಕಡೆ 101, ಗಂಡಿನ ಕಡೆ 101 ಬರೆಸಿದ್ದಾಳೆ. ಒಟ್ಟು ಆರುನೂರ ನಲವತ್ತು ಹೆಸರು.

ಮೇಷ್ಟ್ರು ಹತ್ತಿರ ಅದರ ನಾಲ್ಕು ಪುಟ ಅನುವಾದ ಮಾಡಿಸಿದೆ. ಅಜ್ಜಿಯ ಎರಡು ಸಾಲಿಗೆ ಪೆನ್ಸಿಲ್ ಗುರುತು. ಜೊತೆಗೆ ನಾನೇ ಅರ್ಧ ಪುಟ ಬರೆದೆ: ಇದು ದಾನ ಅಲ್ಲ, ತೀರಿಸಬೇಕಾದದ್ದು; ಇವರ ಮನೆಯ ಮದುವೆಗೆ ನಾವು ಹೋಗಿ ವಾಪಸ್ ಬರೆಸಬೇಕು; ಪುಸ್ತಕ ಇಟ್ಟುಕೊಳ್ಳೋದೇ ಅದಕ್ಕೆ. ಪುಸ್ತಕ ಸರಸ್ವತಿಪುರಂನಲ್ಲಿ ಇದ್ದ ಮೂರು ವಾರ ಅತ್ತೆ ದಿನ ಬಿಟ್ಟು ದಿನ ಫೋನ್ ಮಾಡಿದರು. “ಪುಸ್ತಕ ಎಲ್ಲವ್ವ? ಲಗ್ನದ ಕಾಲ. ಯಾರ್ಗ್ ಎಷ್ಟು ಬರ್ಸದು ಅಂತ ಗೊತ್ತಾಯ್ತಿಲ್ಲ.”

ಫೋಟೋಗಳಲ್ಲಿ ಮೊದಲಿಗೆ ಇಟ್ಟದ್ದು ಮೇಲುಕೋಟೆ ವೈರಮುಡಿ ಜಾತ್ರೆಯಲ್ಲಿ ತೆಗೆಸಿದ್ದು. ರಟ್ಟಿನ ಕಾರಿನೊಳಗೆ ಬಾವ ಸ್ಟಿಯರಿಂಗ್ ಹಿಡಿದಿದ್ದಾರೆ, ಒಂಬತ್ತು ವರ್ಷ. ಪಕ್ಕದಲ್ಲಿ ಮೂರು ವರ್ಷದ ನಾನು, ಮೂಗು ಸುರಿಸಿಕೊಂಡು ಅಳುತ್ತಿದ್ದೇನೆ. ಮೊದಲ ಭೇಟಿಯ ಚೌಕಕ್ಕೆ ನನ್ನ ನಾಮಕರಣದ ತಾರೀಕು ಹಾಕಿದೆ; ಅದು ಅಪ್ಪನ ಹಳೇ ಪಂಚಾಂಗದಲ್ಲಿ ಸಿಕ್ಕಿತು.

ಮಿಕ್ಕಿದ್ದನ್ನ ಎಳೆಯೋದು ಬೇಡ. ಕ್ಷಯ ಇಲ್ಲ ಅಂತ ಬೆಂಗಳೂರಿನಲ್ಲಿ ಅವರು ಹೇಳಿದ ಕ್ಲಿನಿಕ್‌ನಲ್ಲೇ ಎದೆ ಎಕ್ಸ್‌ರೇ. ಆ ಸರ್ಟಿಫಿಕೇಟ್‌ಗೆ ಆರು ತಿಂಗಳಷ್ಟೇ ಆಯುಸ್ಸು. ಇಂಗ್ಲಿಷ್ ಪರೀಕ್ಷೆ ಎ1, ಎಲ್ಲಕ್ಕಿಂತ ಕೆಳಗಿನ ಮಟ್ಟ. ಹೈಸ್ಕೂಲಲ್ಲಿ ಪಾಠ ಮಾಡೋ ನಾನು, ಜೊತೆಗೆ ಕೂರಿಸಿದ್ದ ಇನ್ನೊಂದು ಹುಡುಗಿಗೆ ‘ವಾರದ ಕೊನೆಯಲ್ಲಿ ಏನು ಮಾಡ್ತೀಯ’ ಅಂತ ಕೇಳಿ ಪಾಸಾದೆ. ಬಾವ ಇರೋ ಮನೆಯ ಒಡತಿಯಿಂದ, ನಾನು ಅಲ್ಲಿರೋಕೆ ಅಡ್ಡಿಯಿಲ್ಲ, ಇಷ್ಟು ಕೋಣೆ ಇವೆ ಅಂತ ಒಂದು ಪತ್ರ.

ಆ ಒಡತಿ ಗುಜರಾತಿ ಅಜ್ಜಿ. ಪತ್ರ ಬರೆದುಕೊಟ್ಟು ಬಾವನಿಗೆ ಹೇಳಿದರಂತೆ: ನಿಮ್ಮದು ಎಷ್ಟೋ ವಾಸಿ. ಅವರ ಕಾಲದಲ್ಲಿ, ಮದುವೆ ನಿಜ ಅಂತ ತೋರಿಸಿದರೂ ಸಾಲುತ್ತಿರಲಿಲ್ಲ, ಈ ದೇಶಕ್ಕೆ ಬರೋದೇ ಮದುವೆಯ ಮುಖ್ಯ ಉದ್ದೇಶ ಅಲ್ಲ ಅಂತಲೂ ತೋರಿಸಬೇಕಿತ್ತು. ಇಲ್ಲದ ಉದ್ದೇಶವನ್ನ ಇಲ್ಲ ಅಂತ ತೋರಿಸೋದು ಹೇಗೆ? ಹಿರಿಯರು ನೋಡಿ ಮಾಡಿದ ಮದುವೆಗಳೇ ಹೆಚ್ಚಾಗಿ ಅದರಲ್ಲಿ ಸಿಕ್ಕಿಹಾಕಿಕೊಂಡವು. 1997ರಲ್ಲಿ ಲೇಬರ್ ಸರ್ಕಾರ ಬಂದು ಆ ನಿಯಮ ತೆಗೆಯಿತು. ಅದಕ್ಕೂ ಹಿಂದೆ, 1979ರಲ್ಲಿ, ಮದುವೆಯಾಗಲು ಬಂದ ಒಬ್ಬ ಭಾರತದ ಶಿಕ್ಷಕಿಯನ್ನ ಹೀಥ್ರೋ ವಿಮಾನ ನಿಲ್ದಾಣದಲ್ಲಿ ಕನ್ಯತ್ವ ಪರೀಕ್ಷೆಗೆ ಒಳಪಡಿಸಿದ್ದು ಪತ್ರಿಕೆಯಲ್ಲಿ ಬಂದು ದೊಡ್ಡ ರಂಪವಾಗಿತ್ತು. ಇದನ್ನ ಕೇಳಿದ ದಿನ ನಾನು ಫೈಲ್ ಮುಟ್ಟಲಿಲ್ಲ. ನಾನೂ ಶಿಕ್ಷಕಿಯೇ.

2025ರ ಜನವರಿಯಲ್ಲಿ ಅರ್ಜಿ ಹಾಕಿದೆವು. ಶುಲ್ಕ 1,846 ಪೌಂಡ್. ಅಲ್ಲಿನ ಆಸ್ಪತ್ರೆ ಸೇವೆಗೆ ಅಂತ ಮುಂಗಡ 3,105. ರೂಪಾಯಿಗೆ ಹಾಕಿದರೆ ಐದು ಲಕ್ಷದ ಮೇಲೆ. ವೀಸಾ ಸಿಗದಿದ್ದರೆ ಎರಡನೆಯದು ವಾಪಸ್ ಬರುತ್ತೆ, ಮೊದಲನೆಯದು ಹೋಯಿತು. ಬೆರಳಚ್ಚು ಕೊಡೋಕೆ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋದೆ. ಅಲ್ಲಿ ಯಾರೂ ಏನೂ ಕೇಳಲಿಲ್ಲ. ಆರು ತಿಂಗಳಿಂದ ಬಾಯಿಪಾಠ ಮಾಡಿಕೊಂಡಿದ್ದ ಉತ್ತರಗಳು ಹಾಗೇ ಉಳಿದವು. ಹತ್ತು ನಿಮಿಷದಲ್ಲಿ ಆಚೆ.

ಕಾಯೋ ದಿನಗಳಲ್ಲಿ ಊರಿನವರ ಪ್ರಶ್ನೆ ಒಂದೇ. “ಇನ್ನೂ ಓಗಿಲ್ವಾ?” ಮದುವೆ ಆಗಿ ವರ್ಷ ಮೇಲಾದರೂ ಹೆಣ್ಣು ಇಲ್ಲೇ ಇದೆ ಅಂದರೆ ಜನ ತಮಗೆ ತೋಚಿದ್ದು ಹೊಂದಿಸಿಕೊಳ್ತಾರೆ. ಹಾಲು ಹಾಕೋಕೆ ಡೇರಿಗೆ ಹೋದ ಅವ್ವನಿಗೆ ಒಬ್ಬಳು, “ಅಲ್ಲಿ ಅವನಿಗೆ ಇನ್ನೊಂದ್ ಐತಂತೆ, ದಿಟವಾ?” ಅಂತ ಕೇಳಿದಳಂತೆ. ಮುಯ್ಯಿ ಪುಸ್ತಕದಲ್ಲಿ ಅವಳ ಹೆಸರಿದೆ, 251. ಇಂಗ್ಲೆಂಡಿನವರಿಗೆ ಕಾಗದ ತೋರಿಸಬಹುದು, ಇವಳಿಗೆ ಏನು ತೋರಿಸೋದು?

ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ, ಸ್ಟಾಫ್ ರೂಮಿನಲ್ಲಿ ಟಿಫನ್ ಡಬ್ಬಿ ತೆಗೆಯುವಾಗ ಮೇಲ್ ಬಂತು. ಮೂವತ್ಮೂರು ತಿಂಗಳ ವೀಸಾ ಮಂಜೂರು. ಯಾವ ಕಾಗದ ನೋಡಿ ನಂಬಿದರು, ಬೋರ್‌ವೆಲ್ ಜಗಳ ಓದಿದರಾ, ಅಜ್ಜಿಯ ಎರಡು ನೂರೊಂದು ಕಂಡಿತಾ, ಒಂದು ಅಕ್ಷರ ಇಲ್ಲ. ನಿರಾಕರಿಸಿದ್ದರೆ ಕಾರಣ ಬರೀತಿದ್ದರು. ಒಪ್ಪಿದ್ದಕ್ಕೆ ಕಾರಣ ಬರೆಯಲ್ಲ.

ಬಾವನಿಗೆ ಕಾಲ್ ಮಾಡಿದರೆ ಎತ್ತಲಿಲ್ಲ, ಕಾರ್ಖಾನೆಯಲ್ಲಿ ಶಿಫ್ಟ್. ಮೆಸೇಜ್ ಹಾಕಿದೆ: ಬಾವ, ಆಯ್ತು. ಎರಡು ಗಂಟೆ ಬಿಟ್ಟು ಉತ್ತರ ಬಂತು: ಆಯ್ತಾ, ಏನ್ ಊಟ?

ಹೊರಡೋಕೆ ಹತ್ತು ದಿನ ಇರುವಾಗ ಸೂಟ್‌ಕೇಸ್ ತುಂಬುತ್ತಿದ್ದೆ. ತಳದಲ್ಲಿ, ಸರ್ಟಿಫಿಕೇಟ್‌ಗಳ ಕವರ್ ಕೆಳಗೆ ಮುಯ್ಯಿ ಪುಸ್ತಕ. ಮೇಷ್ಟ್ರ ಮನೆಯಿಂದ ತಂದವಳು ಕೊಡೋದನ್ನೇ ಮರೆತಿದ್ದೆ. ಅಷ್ಟೊತ್ತಿಗೆ ಅತ್ತೆ ಫೋನ್.

“ನಾಳೆ ಆಲೆಮನೆಯವರ ಮಗಳ ಮದ್ವೆ ಕಣ್ ಕೂಸೆ. ಅವರು ಎಷ್ಟು ಬರ್ಸವ್ರೆ ನೋಡು.”

“ಸಾವಿರದೊಂದು.”

“ಹಂಗಾರೆ ಸಾವಿರದ ಐನೂರೊಂದು ಬರ್ಸ್‌ಬುಡು. ನಿಮ್ಮಿಬ್ರ ಹೆಸ್ರಲ್ಲೂ ಬರ್ಸು.” ಒಂದು ಕ್ಷಣ ಬಿಟ್ಟು, “ಆಮೇಕೆ ಪುಸ್ತಕ ತಂದ್ ಕೊಟ್ಬುಡು. ಬಿಲಾತಿಗೆ ಎತ್ಕೊಂಡ್ ಓಗ್‌ಬುಟ್ಟೀಯ.”